ಖಗೋಳ ಛಾಯಾಗ್ರಹಣ

ಖಗೋಳ ಛಾಯಾಗ್ರಹಣವು ಸೂರ್ಯ, ಚಂದ್ರ, ಗ್ರಹ, ಧೂಮಕೇತು, ನಕ್ಷತ್ರಗುಚ್ಛ, ನೀಹಾರಿಕೆ, ಗೆಲಾಕ್ಸಿ ಮುಂತಾದ ಆಕಾಶಕಾಯಗಳ ಬೆಳಕನ್ನು ರಾಸಾಯನಿಕ ಫಲಕ, ಫಿಲ್ಮ್ ಅಥವಾ ಎಲೆಕ್ಟ್ರಾನಿಕ್ ಸಂವೇದಕದ ಮೇಲೆ ಸಂಗ್ರಹಿಸಿ ಚಿತ್ರವಾಗಿ ದಾಖಲಿಸುವ ವಿದ್ಯೆ. ದಿನಬಳಕೆಯ ಫೋಟೋ ಕ್ಷಣವೊಂದನ್ನು ಹಿಡಿಯುತ್ತದೆ. ಆಕಾಶದ ಫೋಟೋ ಬಹುಮಟ್ಟಿಗೆ ನಿಮಿಷ, ಗಂಟೆ, ಕೆಲವೊಮ್ಮೆ ಹಲವು ರಾತ್ರಿಗಳ ಬೆಳಕಿನ ಮೊತ್ತ. ಆದ್ದರಿಂದ ಅದನ್ನು ಅಳತೆಯೆಂದೇ ಓದಬೇಕಾಗುತ್ತದೆ. ಅದರಲ್ಲಿನ ಪ್ರಕಾಶ, ಬಣ್ಣ, ಆಕಾರಗಳ ಅರ್ಥ ತಿಳಿಯಬೇಕಾದರೆ ಯಾವ ತರಂಗಾಂತರದ ಬೆಳಕನ್ನು, ಎಷ್ಟು ಹೊತ್ತು, ಯಾವ ಉಪಕರಣದಿಂದ ಸಂಗ್ರಹಿಸಿ ಹೇಗೆ ಸಂಸ್ಕರಿಸಲಾಗಿದೆ ಎಂಬುದು ಗೊತ್ತಿರಬೇಕು.

ಈ ಲೇಖನದಲ್ಲಿ ಗೆಲಾಕ್ಸಿ ಎಂದರೆ ಅಪಾರ ಸಂಖ್ಯೆಯ ನಕ್ಷತ್ರಗಳು, ಅನಿಲ, ದೂಳು ಮತ್ತು ಕಪ್ಪುದ್ರವ್ಯ ಗುರುತ್ವದಿಂದ ಒಂದುಗೂಡಿದ ವ್ಯವಸ್ಥೆ. ಆಕಾಶಗಂಗೆ ಎಂಬುದು ಸೂರ್ಯನಿರುವ ಗೆಲಾಕ್ಸಿಯ ಹೆಸರು. ಒಟ್ಟಿಗೆ ಹುಟ್ಟಿ ಗುರುತ್ವದಿಂದ ಕೂಡಿಕೊಂಡಿರುವ ನಕ್ಷತ್ರಗಳ ಗುಂಪು ನಕ್ಷತ್ರಗುಚ್ಛ. ನಕ್ಷತ್ರಗಳ ನಡುವಿನ ಅನಿಲ ಮತ್ತು ದೂಳಿನ ಮೋಡ ನೀಹಾರಿಕೆ.

ಮೂಲ ಮತ್ತು ಬೆಳವಣಿಗೆ

ಲೂಯಿ ಡಗೇರ್‌ನ ಛಾಯಾಗ್ರಹಣ ವಿಧಾನ 1839ರಲ್ಲಿ ಬಹಿರಂಗವಾಯಿತು. ಮರುವರ್ಷವೇ ನ್ಯೂಯಾರ್ಕ್‌ನಲ್ಲಿ ಜಾನ್ ವಿಲಿಯಂ ಡ್ರೇಪರ್ ಚಂದ್ರನ ಚಿತ್ರವನ್ನು ಬೆಳ್ಳಿಲೇಪಿತ ತಗಡಿನ ಮೇಲೆ ಮೂಡಿಸಿದ. 1845ರಲ್ಲಿ ಫಿಜೊ ಮತ್ತು ಫುಕೊ ಪ್ಯಾರಿಸ್‌ನಲ್ಲಿ ಕಲೆಗಳ ಸಮೇತ ಸೂರ್ಯನ ಚಿತ್ರ ತೆಗೆದರು. ಸೂರ್ಯನನ್ನು ಬಿಟ್ಟು ಬೇರೊಂದು ನಕ್ಷತ್ರ ಮೊದಲ ಬಾರಿಗೆ ಚಿತ್ರದಲ್ಲಿ ದಾಖಲಾದದ್ದು 1850ರ ಜುಲೈನಲ್ಲಿ. ಹಾರ್ವರ್ಡ್ ವೀಕ್ಷಣಾಲಯದ 15 ಅಂಗುಲದ ದೂರದರ್ಶಕದಿಂದ ವಿಲಿಯಂ ಬಾಂಡ್ ಮತ್ತು ಜಾನ್ ವಿಪ್ಪಲ್ ಸೆರೆಹಿಡಿದ ಆ ನಕ್ಷತ್ರ ಅಭಿಜಿತ್. 1860ರ ಪೂರ್ಣ ಸೂರ್ಯಗ್ರಹಣವನ್ನು ಸ್ಪೇನ್‌ನ ಎರಡು ಬೇರೆ ಸ್ಥಳಗಳಿಂದ ವಾರನ್ ಡಿ ಲಾ ರೂ ಮತ್ತು ಆಂಜೆಲೊ ಸೆಕ್ಕಿ ಚಿತ್ರಿಸಿದರು. ಎರಡೂ ಕಡೆಯ ಫಲಕಗಳಲ್ಲಿ ಬಿಂಬದಂಚಿನ ಕೆಂಪು ಚಾಚಿಕೆಗಳು ಒಂದೇ ಆಕಾರದಲ್ಲಿದ್ದವು. ಅವು ಚಂದ್ರನವಲ್ಲ, ಸೂರ್ಯನವೇ ಎಂಬುದು ಇದರಿಂದ ಖಚಿತವಾಯಿತು.

ಮಸುಕಾದ ಕಾಯಗಳು ಮಾತ್ರ ಅಂದಿನ ವಿಧಾನಗಳಿಗೆ ಎಟುಕಲಿಲ್ಲ. ಆಗ ಬಳಕೆಯಲ್ಲಿದ್ದ ಹಸಿ ಫಲಕ ಕೆಲವೇ ನಿಮಿಷಗಳಲ್ಲಿ ಒಣಗಿ ನಿರುಪಯುಕ್ತವಾಗುತ್ತಿತ್ತು. ರಿಚರ್ಡ್ ಮ್ಯಾಡಾಕ್ಸ್ 1871ರಲ್ಲಿ ಪ್ರಕಟಿಸಿದ ಜೆಲಟಿನ್ ಒಣ ಫಲಕ ಈ ತೊಡಕನ್ನು ನಿವಾರಿಸಿತು. ಫಲಕವನ್ನು ಗಂಟೆಗಟ್ಟಲೆ ಬೆಳಕಿಗೆ ಒಡ್ಡುವುದು ಸಾಧ್ಯವಾದದ್ದೇ ಈ ವಿದ್ಯೆಯ ನಿಜವಾದ ತಿರುವು. 1880ರ ಸೆಪ್ಟೆಂಬರ್ 30ರಂದು ಹೆನ್ರಿ ಡ್ರೇಪರ್ 51 ನಿಮಿಷಗಳ ಎಕ್ಸ್‌ಪೋಷರ್‌ನಿಂದ ಮಹಾವ್ಯಾಧ ನೀಹಾರಿಕೆಯ ಮೊದಲ ಚಿತ್ರ ಪಡೆದ. 1883ರಲ್ಲಿ ಇಂಗ್ಲೆಂಡಿನ ಆ್ಯಂಡ್ರೂ ಕಾಮನ್ 36 ಅಂಗುಲದ ಕನ್ನಡಿಯಿಂದ ತೆಗೆದ ಅದೇ ನೀಹಾರಿಕೆಯ ಚಿತ್ರದಲ್ಲಿ, ಅದೇ ದೂರದರ್ಶಕಕ್ಕೆ ಕಣ್ಣಿಟ್ಟು ನೋಡಿದರೂ ಕಾಣದ ನಕ್ಷತ್ರಗಳು ಮೂಡಿದವು. ಅಲ್ಲಿಂದ ಮುಂದೆ ಛಾಯಾಗ್ರಹಣವು ಕಂಡದ್ದನ್ನು ದಾಖಲಿಸುವ ಸಾಧನವಾಗಿ ಉಳಿಯದೆ ಕಾಣದ್ದನ್ನು ಹುಡುಕುವ ಸಾಧನವಾಯಿತು.

ಐಸಾಕ್ ರಾಬರ್ಟ್ಸ್ 1888ರಲ್ಲಿ ದೇವಯಾನಿ ಮಂಡಲದ ಎಂ-31 ಎಂಬ ಕಾಯದ ಚಿತ್ರ ತೆಗೆದಾಗ ಅದರ ಸುರುಳಿ ರಚನೆ ಮೊದಲ ಬಾರಿಗೆ ಸ್ಪಷ್ಟವಾಯಿತು. ಅದು ರೂಪುಗೊಳ್ಳುತ್ತಿರುವ ಹೊಸ ಸೌರವ್ಯೂಹವೆಂದು ರಾಬರ್ಟ್ಸ್ ಭಾವಿಸಿದ್ದ. ಚಿತ್ರ ಸರಿಯಾಗಿತ್ತು, ಅದರ ಓದು ತಪ್ಪಾಗಿತ್ತು. ಆ ಓದನ್ನು ತಿದ್ದಿದವೂ ಛಾಯಾಫಲಕಗಳೇ. ಪೆರುವಿನ ಅರೆಕಿಪಾದಲ್ಲಿ ತೆಗೆದ ಫಲಕಗಳನ್ನು ಹಾರ್ವರ್ಡ್‌ನಲ್ಲಿ ಕೂತು ಪರಿಶೀಲಿಸಿದ ಹೆನ್ರಿಯೆಟ್ಟಾ ಲೆವಿಟ್ ಸೆಫೀಡ್ ವರ್ಗದ ಚಂಚಲ ನಕ್ಷತ್ರಗಳ ಮಿಡಿತದ ಅವಧಿಗೂ ನಿಜ ಪ್ರಕಾಶಕ್ಕೂ ನಿಯತ ಸಂಬಂಧವಿದೆಯೆಂದು 1912ರಲ್ಲಿ ತೋರಿಸಿದರು. ಇದರಿಂದ ಖಗೋಳಜ್ಞರಿಗೆ ದೂರ ಅಳೆಯುವ ಮಾನದಂಡವೊಂದು ದೊರೆಯಿತು. 1923ರ ಅಕ್ಟೋಬರ್‌ನಲ್ಲಿ ಮೌಂಟ್ ವಿಲ್ಸನ್ನಿನ 100 ಅಂಗುಲದ ದೂರದರ್ಶಕದಿಂದ ಪಡೆದ ಫಲಕವೊಂದರಲ್ಲಿ ಎಡ್ವಿನ್ ಹಬಲ್ ಎಂ-31ರೊಳಗೆ ಅಂಥದೇ ಸೆಫೀಡ್ ನಕ್ಷತ್ರವನ್ನು ಗುರುತಿಸಿದರು. ಎಂ-31 ಆಕಾಶಗಂಗೆಯ ಆಚೆಗಿರುವ ಬೇರೊಂದು ಗೆಲಾಕ್ಸಿಯೆಂಬುದು ಸ್ಥಿರಪಟ್ಟಿತು. ಇಂದಿನ ಲೆಕ್ಕದಲ್ಲಿ ಅದರ ದೂರ ಸುಮಾರು 25 ಲಕ್ಷ ಜ್ಯೋತಿರ್ವರ್ಷ.

ಇಡೀ ಆಕಾಶವನ್ನು ಚಿತ್ರಿಸುವ ಯೋಜನೆ 1887ರ ಪ್ಯಾರಿಸ್ ಸಮ್ಮೇಳನದಲ್ಲಿ ರೂಪುಗೊಂಡಿತು. ಹಲವು ದೇಶಗಳ ವೀಕ್ಷಣಾಲಯಗಳು ಆಕಾಶವನ್ನು ಹಂಚಿಕೊಂಡ ಈ ಕಾರ್ಯದಲ್ಲಿ ಹೈದರಾಬಾದಿನ ನಿಜಾಮಿಯಾ ವೀಕ್ಷಣಾಲಯವೂ ಪಾಲ್ಗೊಂಡಿತು. ಬರ್ನ್‌ಹಾರ್ಡ್ ಶ್ಮಿಟ್ 1930ರ ಸುಮಾರಿಗೆ ರಚಿಸಿದ ವಿಶಾಲ ನೋಟದ ಕ್ಯಾಮೆರಾ ಇಂಥ ಕೆಲಸದ ವೇಗ ಹೆಚ್ಚಿಸಿತು. ಪಾಲೊಮಾರ್ ಬೆಟ್ಟದ 48 ಅಂಗುಲದ ಶ್ಮಿಟ್ ದೂರದರ್ಶಕ 1949ರಿಂದ 1958ರವರೆಗೆ ಉತ್ತರಾಕಾಶವನ್ನು ನೀಲಿ ಮತ್ತು ಕೆಂಪು ಬೆಳಕಿನಲ್ಲಿ ಫಲಕಗಳಿಗೆ ಇಳಿಸಿತು.

1969ರಲ್ಲಿ ಬೆಲ್ ಪ್ರಯೋಗಾಲಯದಲ್ಲಿ ವಿಲ್ಲರ್ಡ್ ಬಾಯ್ಲ್ ಮತ್ತು ಜಾರ್ಜ್ ಸ್ಮಿತ್ ಸಿಸಿಡಿ ಎಂಬ ಸಂವೇದಕವನ್ನು ಕಲ್ಪಿಸಿದರು. 2009ರ ಭೌತವಿಜ್ಞಾನದ ನೊಬೆಲ್ ಪುರಸ್ಕಾರದಲ್ಲಿ ಇಬ್ಬರಿಗೂ ಪಾಲು ದೊರೆಯಿತು. ಛಾಯಾಫಲಕವು ತನ್ನ ಮೇಲೆ ಬಿದ್ದ ನೂರು ಫೋಟಾನುಗಳಲ್ಲಿ ಕೆಲವನ್ನಷ್ಟೇ ದಾಖಲಿಸಿದರೆ ಉತ್ತಮ ಸಿಸಿಡಿ 90ರ ಆಸುಪಾಸು ದಾಖಲಿಸುತ್ತದೆ. ಬಿದ್ದ ಬೆಳಕಿಗೂ ದಾಖಲಾದ ಸಂಖ್ಯೆಗೂ ನೇರ ಅನುಪಾತವಿರುವುದು ಇದರ ಇನ್ನೊಂದು ಹೆಚ್ಚುಗಾರಿಕೆ. 20ನೆಯ ಶತಮಾನದ ಕೊನೆಯ ಹೊತ್ತಿಗೆ ಗಾಜಿನ ಫಲಕಗಳು ವೀಕ್ಷಣಾಲಯಗಳಿಂದ ಮರೆಯಾದವು.

ಉಪಕರಣಗಳು

ಖಗೋಳ ಕ್ಯಾಮೆರಾ ವ್ಯವಸ್ಥೆಯಲ್ಲಿ ಬೆಳಕು ಕೂಡಿಸುವ ದೂರದರ್ಶಕ ಅಥವಾ ಮಸೂರ, ಅದನ್ನು ಹೊತ್ತು ತಿರುಗಿಸುವ ಪೀಠ, ಸಂವೇದಕ ಮತ್ತು ಆಯ್ದ ಬೆಳಕನ್ನಷ್ಟೇ ಬಿಡುವ ಶೋಧಕಗಳು ಸೇರಿರುತ್ತವೆ. ದೂರದರ್ಶಕದ ವ್ಯಾಸ ದೊಡ್ಡದಾದಷ್ಟೂ ಸಂಗ್ರಹವಾಗುವ ಬೆಳಕು ಹೆಚ್ಚು. ಸಂಗಮದೂರ ಹೆಚ್ಚಾದಷ್ಟೂ ಬಿಂಬ ದೊಡ್ಡದು, ನೋಟದ ಹರವು ಕಿರಿದು.

ಹೊಸದಾಗಿ ತೊಡಗುವವರು ಗಮನ ಕೊಡದೆ ಬಿಡುವ, ಆದರೆ ಚಿತ್ರದ ಗುಣವನ್ನು ಎಲ್ಲಕ್ಕಿಂತ ಹೆಚ್ಚಾಗಿ ನಿರ್ಧರಿಸುವ ಭಾಗ ಪೀಠ. ಭೂಮಿ 23 ಗಂಟೆ 56 ನಿಮಿಷ 4 ಸೆಕೆಂಡಿಗೆ ಒಂದು ಸುತ್ತು ತಿರುಗುವುದರಿಂದ ನಕ್ಷತ್ರಗಳು ಸೆಕೆಂಡಿಗೆ ಸುಮಾರು 15 ಕೋನಸೆಕೆಂಡಿನಷ್ಟು ಸರಿಯುತ್ತವೆ. ಕ್ಯಾಮೆರಾ ಅಲುಗದೆ ನಿಂತಿದ್ದರೆ 24 ಮಿಲಿಮೀಟರ್ ಮಸೂರದಲ್ಲಿಯೂ ಸುಮಾರು 20 ಸೆಕೆಂಡುಗಳ ಬಳಿಕ ಚುಕ್ಕೆಗಳು ಗೆರೆಗಳಾಗತೊಡಗುತ್ತವೆ. ಈ ಚಲನೆಯನ್ನು ಅನುಸರಿಸಲು ಪೀಠದ ಒಂದು ಅಕ್ಷವನ್ನು ಆಕಾಶದ ಧ್ರುವಬಿಂದುವಿಗೆ ಗುರಿಯಿಟ್ಟು ಮೋಟಾರಿನಿಂದ ತಿರುಗಿಸಲಾಗುತ್ತದೆ. ಧ್ರುವಬಿಂದುವಿನ ಎತ್ತರ ಆಯಾ ಊರಿನ ಅಕ್ಷಾಂಶಕ್ಕೆ ಸಮ: ಬೆಂಗಳೂರಿನಲ್ಲಿ ಸುಮಾರು 13 ಡಿಗ್ರಿ, ಬೀದರಿನಲ್ಲಿ ಸುಮಾರು 18 ಡಿಗ್ರಿ. ಹೀಗಾಗಿ ಕರ್ನಾಟಕದಲ್ಲಿ ಧ್ರುವನಕ್ಷತ್ರ ದಿಗಂತದ ಮಬ್ಬಿನಲ್ಲಿ ಆಗಾಗ ಮರೆಯಾಗುತ್ತದೆ. ಅಕ್ಷ ಹೊಂದಿಸಲು ಬೇರೆ ನಕ್ಷತ್ರಗಳ ಸರಿದಾಟವನ್ನು ಅಳೆಯುವ ವಿಧಾನ ಬೇಕಾಗುತ್ತದೆ.

ವಾತಾವರಣದ ಕದಡು ನೆಲದ ಮೇಲಿನ ದೂರದರ್ಶಕಗಳಿಗಿರುವ ಮಿತಿ. ಉತ್ತಮ ತಾಣದಲ್ಲಿಯೂ ನಕ್ಷತ್ರದ ಬಿಂಬ ಸುಮಾರು ಒಂದು ಕೋನಸೆಕೆಂಡಿನಷ್ಟು ಹರಡಿಕೊಳ್ಳುತ್ತದೆ. ಎತ್ತರದ ಒಣ ಪರ್ವತಗಳನ್ನು ಆರಿಸುವುದು, ಕದಡನ್ನು ಅಳೆದು ತೆಳು ಕನ್ನಡಿಯ ಆಕಾರವನ್ನು ಸೆಕೆಂಡಿಗೆ ನೂರಾರು ಬಾರಿ ಬದಲಿಸುವುದು, ವಾತಾವರಣವನ್ನೇ ದಾಟಿ ಬಾಹ್ಯಾಕಾಶಕ್ಕೆ ಹೋಗುವುದು ಇದಕ್ಕೆ ಕಂಡುಕೊಂಡಿರುವ ದಾರಿಗಳು. 1990ರಲ್ಲಿ ಉಡಾವಣೆಯಾದ 2.4 ಮೀಟರ್ ಕನ್ನಡಿಯ ಹಬಲ್ ದೂರದರ್ಶಕವೂ 2021ರ ಡಿಸೆಂಬರ್ 25ರಂದು ಉಡಾವಣೆಯಾದ 6.5 ಮೀಟರ್ ಕನ್ನಡಿಯ ಜೇಮ್ಸ್ ವೆಬ್ ದೂರದರ್ಶಕವೂ ಕೊನೆಯ ದಾರಿ ಹಿಡಿದವು.

ಚಿತ್ರ ಸಿದ್ಧವಾಗುವ ಬಗೆ

ಸಂವೇದಕದಿಂದ ಹೊರಬರುವುದು ಸಂಖ್ಯೆಗಳ ಕೋಷ್ಟಕ. ಅದರಲ್ಲಿ ಆಕಾಶದ ಬೆಳಕಿನ ಜೊತೆಗೆ ಉಪಕರಣದ ದೋಷಗಳೂ ಬೆರೆತಿರುತ್ತವೆ. ಮುಚ್ಚಳ ಹಾಕಿ ಅಷ್ಟೇ ಹೊತ್ತು ತೆಗೆದ ‘ಡಾರ್ಕ್’ ಚಿತ್ರವನ್ನು ಕಳೆದರೆ ಸಂವೇದಕದ ಶಾಖದಿಂದ ಹುಟ್ಟಿದ ಹುಸಿ ಸಂಕೇತ ಹೋಗುತ್ತದೆ. ಏಕರೂಪವಾಗಿ ಬೆಳಗಿದ ಮೇಲ್ಮೈಯ ‘ಫ್ಲ್ಯಾಟ್’ ಚಿತ್ರದಿಂದ ಭಾಗಿಸಿದರೆ ಮಸೂರದ ಅಂಚಿನ ಮಬ್ಬೂ ದೂಳಿನ ಕಣಗಳ ನೆರಳೂ ಅಳಿಯುತ್ತವೆ.

ಆನಂತರದ ಹಂತ ಸ್ಟ್ಯಾಕಿಂಗ್, ಅಂದರೆ ಒಂದೇ ಭಾಗದ ಹಲವು ಚಿತ್ರಗಳನ್ನು ನಕ್ಷತ್ರಗಳ ಆಧಾರದಿಂದ ಹೊಂದಿಸಿ ಸರಾಸರಿ ತೆಗೆಯುವುದು. ಸಂಕೇತ ಎಲ್ಲ ಚಿತ್ರಗಳಲ್ಲಿಯೂ ಒಂದೇ ಕಡೆ ಇರುತ್ತದೆ, ಗದ್ದಲ ಮಾತ್ರ ಮನಬಂದಂತೆ ಏರಿಳಿಯುತ್ತದೆ. ಆದ್ದರಿಂದ ಗುಣಮಟ್ಟ ಚಿತ್ರಗಳ ಸಂಖ್ಯೆಯ ವರ್ಗಮೂಲದಂತೆ ಹೆಚ್ಚುತ್ತದೆ. 16 ಚಿತ್ರಗಳಿಂದ 4 ಪಟ್ಟು, 100 ಚಿತ್ರಗಳಿಂದ 10 ಪಟ್ಟು. ಉಪಗ್ರಹ ಎಳೆದ ಗೆರೆಯಾಗಲಿ ಕಾಸ್ಮಿಕ್ ಕಿರಣ ಬಡಿದ ಚುಕ್ಕೆಯಾಗಲಿ ಒಂದೇ ಚಿತ್ರದಲ್ಲಿರುವುದರಿಂದ ಈ ಹಂತದಲ್ಲಿ ಬೇರ್ಪಡುತ್ತದೆ. 1995ರ ಡಿಸೆಂಬರ್‌ನಲ್ಲಿ ಹಬಲ್ ದೂರದರ್ಶಕ ಸಪ್ತರ್ಷಿ ಮಂಡಲದ ಬರಿದೆನಿಸುವ ಒಂದು ಚೂರನ್ನು ಹತ್ತು ದಿನ ದಿಟ್ಟಿಸಿ 342 ಚಿತ್ರಗಳನ್ನು ಕೂಡಿಸಿದಾಗ ಅಲ್ಲಿ ಸುಮಾರು 3,000 ಗೆಲಾಕ್ಸಿಗಳು ಕಂಡವು.

ಕೊನೆಯದು ಪ್ರಕಾಶದ ಹಿಗ್ಗಿಸುವಿಕೆ. ಗೆಲಾಕ್ಸಿಯ ನಡುಭಾಗಕ್ಕೂ ಹೊರ ಅಂಚಿಗೂ ಇರುವ ಪ್ರಕಾಶದ ಅಂತರ ಯಾವ ಪರದೆಗೂ ಕಾಗದಕ್ಕೂ ಹಿಡಿಸುವಂಥದಲ್ಲ. ಮಸುಕಾದ ಭಾಗವನ್ನು ಹೆಚ್ಚು, ಪ್ರಖರ ಭಾಗವನ್ನು ಕಡಿಮೆ ಎತ್ತಿ ತೋರಿಸಿದಾಗಲಷ್ಟೇ ಎರಡೂ ಒಟ್ಟಿಗೆ ಕಾಣುತ್ತವೆ. ಆದ್ದರಿಂದ ಪ್ರಕಟವಾದ ಚಿತ್ರದಲ್ಲಿ ಒಂದು ಭಾಗ ಇನ್ನೊಂದಕ್ಕಿಂತ ಎರಡು ಪಟ್ಟು ಬೆಳ್ಳಗೆ ಕಂಡರೆ ಅದರ ನಿಜ ಪ್ರಕಾಶವೂ ಎರಡು ಪಟ್ಟು ಎನ್ನಲಾಗದು. ವಿಜ್ಞಾನದ ಲೆಕ್ಕಗಳಿಗೆ ಹಿಗ್ಗಿಸುವ ಮೊದಲಿನ ಸಂಖ್ಯೆಗಳನ್ನೇ ಬಳಸುತ್ತಾರೆ.

ಬಣ್ಣ

ಗೆಲಾಕ್ಸಿ, ನೀಹಾರಿಕೆಗಳ ಚಿತ್ರಗಳ ಬಗ್ಗೆ ಅತಿ ಹೆಚ್ಚು ತಪ್ಪು ತಿಳಿವಳಿಕೆ ಇರುವುದು ಬಣ್ಣದ ವಿಷಯದಲ್ಲಿ. ಮಂದ ಬೆಳಕಿನಲ್ಲಿ ಕೆಲಸ ಮಾಡುವ ಅಕ್ಷಿಪಟಲದ ದಂಡಕೋಶಗಳಿಗೆ ಬಣ್ಣದ ಅರಿವಿಲ್ಲ. ಹೀಗಾಗಿ ಮಹಾವ್ಯಾಧ ನೀಹಾರಿಕೆ ದೂರದರ್ಶಕದಲ್ಲಿ ಬೂದುಬಣ್ಣದ ಮಂಜಾಗಿ ಕಂಡರೆ ಫೋಟೋದಲ್ಲಿ ಗುಲಾಬಿಗೆಂಪಾಗಿ ಕಾಣುತ್ತದೆ. ಆ ಕೆಂಪು ಕಲ್ಪಿತವಲ್ಲ. ಅಯನೀಕೃತ ಹೈಡ್ರೋಜನ್ 656.3 ನ್ಯಾನೊಮೀಟರ್ ತರಂಗಾಂತರದಲ್ಲಿ ಸೂಸುವ ಬೆಳಕಿನ ಬಣ್ಣವದು. ಸಾಮಾನ್ಯ ಡಿಜಿಟಲ್ ಕ್ಯಾಮೆರಾಗಳ ಒಳಗಿನ ಶೋಧಕ ಈ ಬೆಳಕಿನ ಬಹುಪಾಲನ್ನು ತಡೆಯುತ್ತದೆ. ಖಗೋಳಕ್ಕೆಂದೇ ಮಾರ್ಪಡಿಸಿದ ಕ್ಯಾಮೆರಾಗಳಲ್ಲಿ ಆ ಶೋಧಕವನ್ನು ತೆಗೆದಿರುತ್ತಾರೆ.

ವೃತ್ತಿಪರ ಸಂವೇದಕಗಳು ಕಪ್ಪುಬಿಳುಪು ಮಾತ್ರ ಅರಿಯುತ್ತವೆ. ಕೆಂಪು, ಹಸಿರು, ನೀಲಿ ಶೋಧಕಗಳ ಮೂಲಕ ಬೇರೆಬೇರೆಯಾಗಿ ತೆಗೆದ ಚಿತ್ರಗಳನ್ನು ಕೂಡಿಸಿದರೆ ಸಹಜಕ್ಕೆ ಹತ್ತಿರದ ಬಣ್ಣ ಬರುತ್ತದೆ. ಒಂದೊಂದು ಮೂಲವಸ್ತುವಿನ ಬೆಳಕನ್ನಷ್ಟೇ ಬಿಡುವ ಕಿರುಪಟ್ಟಿ ಶೋಧಕಗಳನ್ನು ಬಳಸಿದಾಗ ಬಣ್ಣಗಳು ಸಂಕೇತಗಳಾಗುತ್ತವೆ. 1995ರಲ್ಲಿ ಹಬಲ್ ತೆಗೆದ, ‘ಸೃಷ್ಟಿಯ ಸ್ತಂಭಗಳು’ ಎಂದು ಹೆಸರಾದ ಎಂ-16 ನೀಹಾರಿಕೆಯ ಚಿತ್ರದಲ್ಲಿ ಗಂಧಕಕ್ಕೆ ಕೆಂಪು, ಹೈಡ್ರೋಜನ್‌ಗೆ ಹಸಿರು, ಆಮ್ಲಜನಕಕ್ಕೆ ನೀಲಿ ಕೊಡಲಾಗಿದೆ. ಗಂಧಕ ಮತ್ತು ಹೈಡ್ರೋಜನ್ ಎರಡರ ಬೆಳಕೂ ವಾಸ್ತವದಲ್ಲಿ ಕೆಂಪೇ. ಒಂದೇ ಬಣ್ಣ ಕೊಟ್ಟಿದ್ದರೆ ಅವನ್ನು ಬೇರ್ಪಡಿಸಿ ನೋಡಲಾಗುತ್ತಿರಲಿಲ್ಲ.

ಜೇಮ್ಸ್ ವೆಬ್‌ನ ಚಿತ್ರಗಳು ಬಹುಮಟ್ಟಿಗೆ ಕಣ್ಣಿಗೆ ಕಾಣದ ಅವಗೆಂಪು ಬೆಳಕಿನವು. ಅಲ್ಲಿ ಉದ್ದ ತರಂಗಾಂತರಕ್ಕೆ ಕೆಂಪು, ಗಿಡ್ಡ ತರಂಗಾಂತರಕ್ಕೆ ನೀಲಿ ಎಂಬ ಕ್ರಮವನ್ನು ಪಾಲಿಸುತ್ತಾರೆ. 2019ರ ಏಪ್ರಿಲ್ 10ರಂದು ಪ್ರಕಟವಾದ ಎಂ-87 ಗೆಲಾಕ್ಸಿಯ ಕಪ್ಪುಕುಳಿಯ ಚಿತ್ರ 1.3 ಮಿಲಿಮೀಟರ್ ರೇಡಿಯೋ ತರಂಗಗಳಿಂದ ರಚಿಸಿದ್ದು. ಅದರ ಕಿತ್ತಳೆ ವರ್ಣ ಸಂಕೇತದ ತೀವ್ರತೆಯನ್ನಷ್ಟೇ ಸೂಚಿಸುತ್ತದೆ. ಇಂಥವನ್ನು ‘ಸುಳ್ಳು ಬಣ್ಣ’ ಎನ್ನುವ ರೂಢಿಯಿದ್ದರೂ ‘ನಿಯೋಜಿತ ಬಣ್ಣ’ ಎನ್ನುವುದು ಹೆಚ್ಚು ಸರಿ. ಅವುಗಳ ಹಿಂದಿರುವ ಅಳತೆ ಸುಳ್ಳಲ್ಲ.

ಚಿತ್ರಗಳಲ್ಲಿ ಕಾಣುವ ಕಾಯಗಳು

ಗೆಲಾಕ್ಸಿಯ ಚಿತ್ರದಲ್ಲಿ ಬಿಡಿಬಿಡಿಯಾಗಿ ಹೊಳೆಯುವ ಚುಕ್ಕೆಗಳಲ್ಲಿ ಹೆಚ್ಚಿನವು ಆ ಗೆಲಾಕ್ಸಿಗೆ ಸೇರಿದವಲ್ಲ. ಅವು ಆಕಾಶಗಂಗೆಯದೇ ನಕ್ಷತ್ರಗಳು. ನೋಡುವ ದಾರಿಯಲ್ಲಿ ಅಡ್ಡ ಇರುತ್ತವೆ. ಅವುಗಳಿಂದ ಚಾಚುವ ಮುಳ್ಳುಗಳು ಉಪಕರಣದೊಳಗಿನ ವಿವರ್ತನೆಯ, ಅಂದರೆ ಅಂಚುಗಳಲ್ಲಿ ಬೆಳಕು ಬಾಗಿ ಹರಡುವುದರ ಫಲ. ಹಬಲ್ ಚಿತ್ರಗಳಲ್ಲಿ ಉಪಕನ್ನಡಿಯ ಆಧಾರಪಟ್ಟಿಗಳಿಂದ ನಾಲ್ಕು ಮುಳ್ಳುಗಳು ಮೂಡಿದರೆ ವೆಬ್ ಚಿತ್ರಗಳಲ್ಲಿ ಷಟ್ಕೋನ ಕನ್ನಡಿಗಳಿಂದ ಆರು ದೊಡ್ಡ, ಆಧಾರಪಟ್ಟಿಯಿಂದ ಎರಡು ಚಿಕ್ಕ ಮುಳ್ಳುಗಳು ಮೂಡುತ್ತವೆ.

ಸುರುಳಿ ಗೆಲಾಕ್ಸಿಯ ತೋಳುಗಳು ಬಿಸಿಯಾದ ಎಳೆಯ ನಕ್ಷತ್ರಗಳಿಂದ ನೀಲಿಯಾಗಿ, ನಡುವಿನ ಉಬ್ಬು ಹಳೆಯ ನಕ್ಷತ್ರಗಳಿಂದ ಹಳದಿಯಾಗಿ ಕಾಣುತ್ತವೆ. ತೋಳುಗಳ ಮೇಲಿನ ಗುಲಾಬಿ ಗಂಟುಗಳು ನಕ್ಷತ್ರಗಳು ಹುಟ್ಟುತ್ತಿರುವ ತಾಣಗಳು, ಕಂದು ಎಳೆಗಳು ಬೆಳಕನ್ನು ತಡೆಯುವ ದೂಳು. ದೀರ್ಘವೃತ್ತೀಯ ಗೆಲಾಕ್ಸಿಗಳಲ್ಲಿ ಹೊಸ ನಕ್ಷತ್ರಗಳು ವಿರಳವಾದ್ದರಿಂದ ಅವು ವಿವರಗಳಿಲ್ಲದ ಹಳದಿ ಹೊಳಪಾಗಿ ತೋರುತ್ತವೆ. ಎಂ-31ರ ಪೂರ್ಣ ಹರವು ದೀರ್ಘ ಎಕ್ಸ್‌ಪೋಷರ್‌ನಲ್ಲಿ ಮೂರು ಡಿಗ್ರಿ ಮೀರುತ್ತದೆ, ಅಂದರೆ ಹುಣ್ಣಿಮೆ ಚಂದ್ರನ ಆರು ಪಟ್ಟು ಅಗಲ. ಬರಿಗಣ್ಣಿಗೆ ನಿಲುಕುವುದು ಅದರ ನಡುಭಾಗ ಮಾತ್ರ.

ಚದುರಿದ ನಕ್ಷತ್ರಗುಚ್ಛಗಳಲ್ಲಿ ಕೆಲವು ನೂರರಿಂದ ಕೆಲವು ಸಾವಿರ ಎಳೆಯ ನಕ್ಷತ್ರಗಳಿರುತ್ತವೆ. ಸುಮಾರು 440 ಜ್ಯೋತಿರ್ವರ್ಷ ದೂರದ, ಸುಮಾರು 10 ಕೋಟಿ ವರ್ಷ ವಯಸ್ಸಿನ ಕೃತ್ತಿಕೆ ಇದಕ್ಕೆ ಪ್ರಸಿದ್ಧ ನಿದರ್ಶನ. ಫೋಟೋಗಳಲ್ಲಿ ಅದನ್ನು ಸುತ್ತುವರಿದ ನೀಲಿ ಮಬ್ಬು ನಕ್ಷತ್ರಗಳು ಹುಟ್ಟಿದ ಮೋಡದ ಉಳಿಕೆಯಲ್ಲ. ಗುಚ್ಛವು ಈಗ ಹಾದುಹೋಗುತ್ತಿರುವ ದೂಳು ಅದರ ಬೆಳಕನ್ನು ಚದುರಿಸುತ್ತಿದೆ. ಗೋಳೀಯ ಗುಚ್ಛಗಳು ಲಕ್ಷಗಟ್ಟಲೆ ನಕ್ಷತ್ರಗಳ ದಟ್ಟ ಚೆಂಡುಗಳು. ಅವುಗಳ ವಯಸ್ಸು ಸಾಮಾನ್ಯವಾಗಿ 1,000 ಕೋಟಿ ವರ್ಷಕ್ಕೂ ಮಿಗಿಲು. ಸುಮಾರು 17,000 ಜ್ಯೋತಿರ್ವರ್ಷ ದೂರದಲ್ಲಿ ಸುಮಾರು ಒಂದು ಕೋಟಿ ನಕ್ಷತ್ರಗಳಿರುವ ಒಮೆಗಾ ಸೆಂಟಾರಿ ಆಕಾಶಗಂಗೆಯ ಗೋಳೀಯ ಗುಚ್ಛಗಳಲ್ಲೆಲ್ಲ ದೊಡ್ಡದು. ಯುರೋಪಿನ ಬಹುಭಾಗದಿಂದ ಕಾಣದ ಈ ಗುಚ್ಛ ಏಪ್ರಿಲ್–ಮೇ ರಾತ್ರಿಗಳಲ್ಲಿ ಬೆಂಗಳೂರಿನ ಅಕ್ಷಾಂಶದಿಂದ ದಕ್ಷಿಣದಲ್ಲಿ ಸುಮಾರು 30 ಡಿಗ್ರಿ ಎತ್ತರಕ್ಕೆ ಏರುತ್ತದೆ. ಸಾಧಾರಣ ಕ್ಯಾಮೆರಾಕ್ಕೂ ಅದು ಒಳ್ಳೆಯ ಗುರಿ.

ವಿಶಾಲ ನೋಟದ ರಾತ್ರಿಯಾಕಾಶದ ಚಿತ್ರಗಳಲ್ಲಿ ಆಕಾಶಗಂಗೆಯ ಪಟ್ಟೆಯೇ ಮುಖ್ಯ ವಸ್ತು. ಅದರ ನಡುವಿನ ಕಪ್ಪು ಸೀಳುಗಳನ್ನು ಎಡ್ವರ್ಡ್ ಬರ್ನಾರ್ಡ್ ದಶಕಗಳ ಕಾಲ ಚಿತ್ರಿಸಿದರು. ಅವು ನಕ್ಷತ್ರಗಳಿಲ್ಲದ ತೂತುಗಳಲ್ಲ, ಹಿಂದಿನ ನಕ್ಷತ್ರಗಳನ್ನು ಮರೆಮಾಡುವ ದೂಳಿನ ಮೋಡಗಳು ಎಂಬ ಅರಿವು ಈ ಫಲಕಗಳಿಂದ ಬಲಗೊಂಡಿತು. ಕೆಲವು ಚಿತ್ರಗಳ ಹಸಿರು ಛಾಯೆ ಮೇಲ್ಮಟ್ಟದ ವಾತಾವರಣದ ಆಮ್ಲಜನಕ ಸೂಸುವ ಬೆಳಕು. ಪೀಠ ತಿರುಗಿಸದೆ ಗಂಟೆಗಟ್ಟಲೆ ತೆಗೆದ ಚಿತ್ರಗಳಲ್ಲಿ ನಕ್ಷತ್ರಗಳು ಧ್ರುವಬಿಂದುವಿನ ಸುತ್ತ ವೃತ್ತಖಂಡಗಳಾಗುತ್ತವೆ. ಮುನ್ನೆಲೆಯ ಬೆಟ್ಟವನ್ನೋ ಗುಡಿಯನ್ನೋ ಬೇರೆ ಹೊತ್ತಿನಲ್ಲಿ ತೆಗೆದು ಜೋಡಿಸಿದ ಚಿತ್ರ ಸಂಯೋಜಿತ ಚಿತ್ರ. ಅದನ್ನು ಹಾಗೆಂದು ನಮೂದಿಸುವುದು ಪ್ರಾಮಾಣಿಕ ಪದ್ಧತಿ.

ಉಪಯೋಗಗಳು

ಒಂದೇ ಭಾಗದ ಬೇರೆಬೇರೆ ಕಾಲದ ಚಿತ್ರಗಳನ್ನು ಹೋಲಿಸುವುದು ಈ ವಿದ್ಯೆಯ ಅತಿ ಫಲವತ್ತಾದ ಬಳಕೆ. 1930ರ ಜನವರಿಯ ಎರಡು ಫಲಕಗಳನ್ನು ಅದಲುಬದಲು ಮಾಡಿ ನೋಡುತ್ತಿದ್ದಾಗ ಕ್ಲೈಡ್ ಟಾಂಬೊ ಫೆಬ್ರವರಿ 18ರಂದು ಪ್ಲೂಟೋವನ್ನು ಪತ್ತೆಹಚ್ಚಿದರು. ಏಡಿ ನೀಹಾರಿಕೆ ಹಿಗ್ಗುತ್ತಿದೆಯೆಂಬುದು 1921ರಲ್ಲಿ ಇಂಥ ಹೋಲಿಕೆಯಿಂದಲೇ ತಿಳಿಯಿತು. 1987ರಲ್ಲಿ ದೊಡ್ಡ ಮೆಜೆಲಾನ್ ಮೋಡದಲ್ಲಿ ಸೂಪರ್‌ನೋವಾ ಸಿಡಿದಾಗ ಯಾವ ನಕ್ಷತ್ರ ಸಿಡಿಯಿತೆಂಬುದನ್ನು ಹಳೆಯ ಫಲಕಗಳು ತೋರಿಸಿಕೊಟ್ಟವು. 1919ರ ಮೇ 29ರ ಸೂರ್ಯಗ್ರಹಣದ ಫಲಕಗಳಲ್ಲಿ ಸೂರ್ಯನ ಬಳಿಯ ನಕ್ಷತ್ರಗಳು ಸ್ಥಾನ ಬದಲಿಸಿದ್ದವು. ಐನ್‌ಸ್ಟೈನ್ ಹೇಳಿದ ಬೆಳಕಿನ ಬಾಗುವಿಕೆಗೆ ಅದು ಮೊದಲ ಸಾಕ್ಷ್ಯವಾಯಿತು. ಅದೇ ಬಾಗುವಿಕೆ ಇಂದು ಗೆಲಾಕ್ಸಿ ಸಮೂಹಗಳ ಚಿತ್ರಗಳಲ್ಲಿ ಉದ್ದನೆಯ ಕಮಾನುಗಳಾಗಿ ಕಾಣುತ್ತದೆ. ದೂರದ ಗೆಲಾಕ್ಸಿಗಳ ತಿರುಚಿದ ಬಿಂಬಗಳಾದ ಈ ಕಮಾನುಗಳಿಂದ ಕಪ್ಪುದ್ರವ್ಯದ ಹಂಚಿಕೆಯನ್ನು ಲೆಕ್ಕಹಾಕುತ್ತಾರೆ.

ಭಾರತದಲ್ಲಿ

1868ರ ಆಗಸ್ಟ್ 18ರ ಪೂರ್ಣ ಸೂರ್ಯಗ್ರಹಣವನ್ನು ಜೇಮ್ಸ್ ಟೆನೆಂಟ್ ಗುಂಟೂರಿನಿಂದ ಚಿತ್ರಿಸಿದ. 1871ರ ಡಿಸೆಂಬರ್ 12ರ ಗ್ರಹಣಕ್ಕೆ ಬಂದ ಬ್ರಿಟಿಷ್ ತಂಡ, ಆಗ ದಕ್ಷಿಣ ಕನ್ನಡ ಜಿಲ್ಲೆಯಲ್ಲಿದ್ದ ಬೇಕಲದಲ್ಲಿಯೂ ಬೀಡುಬಿಟ್ಟಿತ್ತು. 1899ರಲ್ಲಿ ಆರಂಭವಾದ ಕೊಡೈಕನಾಲ್ ವೀಕ್ಷಣಾಲಯ 20ನೆಯ ಶತಮಾನದ ಮೊದಲ ದಶಕದಿಂದ ಸೂರ್ಯನ ಚಿತ್ರಗಳನ್ನು ಸಂಗ್ರಹಿಸುತ್ತ ಬಂದಿದೆ. ಶತಮಾನ ಮೀರಿದ ಆ ಫಲಕಗಳನ್ನು ಈಗ ಡಿಜಿಟಲ್ ರೂಪಕ್ಕೆ ತಂದು ಸೌರಚಕ್ರಗಳ ಅಧ್ಯಯನಕ್ಕೆ ಬಳಸಲಾಗುತ್ತಿದೆ.

ಹಾರ್ವರ್ಡ್‌ನಲ್ಲಿ ಓದುತ್ತಿದ್ದಾಗ 1949ರಲ್ಲಿ ಫಲಕವೊಂದರಲ್ಲಿ ಧೂಮಕೇತು ಕಂಡುಹಿಡಿದ ವೇಣು ಬಾಪು ಮುಂದೆ ಬೆಂಗಳೂರಿನ ಭಾರತೀಯ ಖಭೌತವಿಜ್ಞಾನ ಸಂಸ್ಥೆಯನ್ನು ಕಟ್ಟಿದರು. ಸಂಸ್ಥೆಯ ಕವಲೂರು ವೀಕ್ಷಣಾಲಯದ 2.34 ಮೀಟರ್ ದೂರದರ್ಶಕ 1986ರಲ್ಲಿ ಅವರ ಹೆಸರು ಪಡೆಯಿತು. ಅಲ್ಲಿಯ ಶ್ಮಿಟ್ ದೂರದರ್ಶಕದಿಂದ 1988ರಲ್ಲಿ ಪತ್ತೆಯಾದ ಕ್ಷುದ್ರಗ್ರಹಕ್ಕೆ ರಾಮಾನುಜನ್ ಹೆಸರಿಡಲಾಗಿದೆ. ಲಡಾಖ್‌ನ ಹಾನ್ಲೆಯಲ್ಲಿ ಸುಮಾರು 4,500 ಮೀಟರ್ ಎತ್ತರದಲ್ಲಿರುವ 2 ಮೀಟರ್ ಹಿಮಾಲಯನ್ ಚಂದ್ರ ದೂರದರ್ಶಕವನ್ನು ಉಪಗ್ರಹ ಸಂಪರ್ಕದ ಮೂಲಕ ಹೊಸಕೋಟೆಯಿಂದ ನಡೆಸುತ್ತಾರೆ. ಗೌರಿಬಿದನೂರಿನ ರೇಡಿಯೋ ಕೇಂದ್ರ ಸೂರ್ಯನ ಹೊರವಲಯದ ರೇಡಿಯೋ ಬಿಂಬಗಳನ್ನು ಪಡೆಯುತ್ತದೆ. 2015ರಲ್ಲಿ ಇಸ್ರೋ ಉಡಾಯಿಸಿದ ಆಸ್ಟ್ರೋಸ್ಯಾಟ್‌ನ ಅತಿನೇರಳೆ ದೂರದರ್ಶಕ ಗೆಲಾಕ್ಸಿ ಮತ್ತು ಗೋಳೀಯ ಗುಚ್ಛಗಳನ್ನು ನೆಲದಿಂದ ನೋಡಲಾಗದ ಬೆಳಕಿನಲ್ಲಿ ಚಿತ್ರಿಸಿದೆ.

ಇಂದಿನ ಸ್ಥಿತಿ

ಚಿಲಿಯ ವೆರಾ ರೂಬಿನ್ ವೀಕ್ಷಣಾಲಯ 8.4 ಮೀಟರ್ ಕನ್ನಡಿಗೆ 3,200 ಮೆಗಾಪಿಕ್ಸೆಲ್ ಕ್ಯಾಮೆರಾ ಜೋಡಿಸಿ 2025ರ ಜೂನ್‌ನಲ್ಲಿ ಮೊದಲ ಚಿತ್ರಗಳನ್ನು ಪ್ರಕಟಿಸಿತು. ದಕ್ಷಿಣಾಕಾಶವನ್ನು ಕೆಲವು ರಾತ್ರಿಗಳಿಗೊಮ್ಮೆ ಮತ್ತೆಮತ್ತೆ ಚಿತ್ರಿಸುವುದು ಅದರ ಹತ್ತು ವರ್ಷಗಳ ಯೋಜನೆ. ಅದೇ ವೇಳೆ ಆಕಾಶ ತನ್ನ ಕತ್ತಲನ್ನು ಕಳೆದುಕೊಳ್ಳುತ್ತಿದೆ. ನಗರಗಳ ಬೆಳಕು ಮಸುಕಾದ ಗೆಲಾಕ್ಸಿಗಳನ್ನು ಅಳಿಸುತ್ತದೆ. 2019ರಿಂದ ಸಾವಿರಗಟ್ಟಲೆ ಹೆಚ್ಚಿರುವ ಸಂಪರ್ಕ ಉಪಗ್ರಹಗಳು ಚಿತ್ರಗಳ ಮೇಲೆ ಗೆರೆ ಎಳೆಯುತ್ತವೆ. ಹಾನ್ಲೆಯ ಸುತ್ತಲ ಪ್ರದೇಶವನ್ನು 2022ರಲ್ಲಿ ಕತ್ತಲಾಕಾಶದ ಮೀಸಲು ಪ್ರದೇಶವೆಂದು ಘೋಷಿಸಲಾಯಿತು. ಯಂತ್ರಕಲಿಕೆಯ ತಂತ್ರಾಂಶಗಳು ಗದ್ದಲ ಅಳಿಸುವ ಭರದಲ್ಲಿ ಇಲ್ಲದ ವಿವರಗಳನ್ನು ಸೇರಿಸಬಲ್ಲವಾದ್ದರಿಂದ ಅಂಥ ಚಿತ್ರಗಳನ್ನು ಅಳತೆಗೆ ಆಧಾರವಾಗಿ ಬಳಸುವಂತಿಲ್ಲ.

ಹವ್ಯಾಸಿಗಳ ಉಪಕರಣಗಳು ಈಗ ಸಂಶೋಧನೆಗೆ ನೆರವಾಗುವಷ್ಟು ಸಮರ್ಥವಾಗಿವೆ. ಚಿಕ್ಕ ದೂರದರ್ಶಕಗಳಿಂದ ಆಮ್ಲಜನಕದ ಕಿರುಪಟ್ಟಿ ಶೋಧಕದ ಮೂಲಕ ನೂರಕ್ಕೂ ಹೆಚ್ಚು ಗಂಟೆಗಳ ಬೆಳಕು ಸಂಗ್ರಹಿಸಿದ ಹವ್ಯಾಸಿಗಳ ತಂಡವೊಂದು ಎಂ-31ರ ಪಕ್ಕದಲ್ಲಿ ಹಿಂದೆಂದೂ ದಾಖಲಾಗದ ಬೃಹತ್ ಅನಿಲ ಕಮಾನನ್ನು ಕಂಡುಹಿಡಿದದ್ದು 2023ರಲ್ಲಿ ಪ್ರಕಟವಾಯಿತು. ಅತಿ ಹೆಚ್ಚು ಚಿತ್ರಿತವಾದ ಗೆಲಾಕ್ಸಿಯ ಪಕ್ಕದಲ್ಲಿದ್ದರೂ ಅದು ಅಷ್ಟು ಕಾಲ ಮರೆಯಾಗಿದ್ದುದಕ್ಕೆ ಎರಡು ಕಾರಣಗಳು: ಅದರ ಬೆಳಕು ಬಹುತೇಕ ಆಮ್ಲಜನಕದ ಒಂದೇ ಪಟ್ಟಿಯಲ್ಲಿದೆ, ದೊಡ್ಡ ದೂರದರ್ಶಕಗಳ ಕಿರಿದಾದ ನೋಟಕ್ಕೆ ಅಷ್ಟು ವಿಸ್ತಾರವಾದ ಮಸುಕು ರಚನೆ ಇಡಿಯಾಗಿ ಸಿಗುವುದಿಲ್ಲ. ಕಮಾನು ಎಂ-31ಕ್ಕೆ ಸೇರಿದ್ದೋ ಆಕಾಶಗಂಗೆಯೊಳಗಿನದೋ ಎಂಬುದನ್ನು ಅದರ ರೋಹಿತದ ಅಳತೆಗಳಿಂದ ನಿರ್ಧರಿಸುವ ಕೆಲಸವನ್ನು ಖಗೋಳಜ್ಞರು ಕೈಗೆತ್ತಿಕೊಂಡಿದ್ದಾರೆ.